ಕಪ್ಪು ಟೇಪಿನೊಳಗೆ ಏನಿತ್ತು?

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಪಕ್ಕದಲ್ಲೇ ನಮ್ಮ ಮನೆ. ಕಳೆದ ಸಲ ಕೊನೆಕೊಯ್ಲಿನ ಹೊತ್ತಿಗೆ ಮೊಮ್ಮಗಳು ರಜೆಗೆ ಬಂದಿದ್ದಳು. ಸಂಜೆ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಓಡುತ್ತಿತ್ತು.

"ಅಜ್ಜಾ, ಬಲ್ಬು ಮಿಣಕ್ ಮಿಣಕ್ ಅಂತಿದೆ. ಏನೋ ಸುಟ್ಟ ವಾಸನೆ ಬೇರೆ" ಎಂದಳು.

"ಮಲೆನಾಡಲ್ಲಿ ಕರೆಂಟು ಮಿಣುಕೋದು ಹೊಸತೇನೇ ಮಾರಾಯ್ತಿ?" ಎಂದು ನಕ್ಕುಬಿಟ್ಟೆ.

ಅವಳು ಬಿಡಲಿಲ್ಲ, ಕೈ ಹಿಡಿದು ಎಳೆದಳು. ನೋಡಿದರೆ, ತೊಲೆಗೆ ಕಟ್ಟಿದ್ದ ವೈರಿನಲ್ಲಿ ಕಪ್ಪು ಟೇಪು ಸುತ್ತಿದ ಜಾಯಿಂಟು ಕರಗಿ ಜೋತುಬಿದ್ದಿತ್ತು. ಅದರ ಕೆಳಗೇ ಒಣಗಿದ ಅಡಿಕೆ ಸಿಪ್ಪೆಯ ರಾಶಿ! ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ಆ ಜಾಯಿಂಟು ಹಾಕಿದವನು ನಾನೇ.

ಮರುದಿನ ನರಸಿಂಹರಾಜಪುರದ ಕಡೆಯಿಂದ ಎಲೆಕ್ಟ್ರಿಷಿಯನ್ ಬಂದರು. ಟೇಪು ಬಿಚ್ಚಿದರೆ ತಾಮ್ರದ ತುದಿಗಳು ಮಸಿಯಾಗಿದ್ದವು.

"ಯಜಮಾನ್ರೇ, ಬಲ್ಬಿಗೆ ಅಂತ ಹಾಕಿದ ಜಾಯಿಂಟಿಗೆ ಮೋಟಾರು ಕೊಟ್ಟಿದ್ದೀರಲ್ಲ!" ಎಂದರು.

ಅವರು ಹೇಳಿದ್ದು ಇಷ್ಟು. ಎಲ್‌ಇಡಿ ಬಲ್ಬು 9 ವ್ಯಾಟಿನದು. 1 ಎಚ್‌ಪಿ ಮೋಟಾರೆಂದರೆ 746 ವ್ಯಾಟ್. ಸಡಿಲ ಜಾಯಿಂಟಿನಲ್ಲಿ ತಾಮ್ರಕ್ಕೆ ತಾಮ್ರ ತಾಗುವುದು ಒಂದೆರಡು ಕಡೆ ಮಾತ್ರ. ತೇರಿನ ಜನವೆಲ್ಲ ಒಂದೇ ಕಾಲುಸಂಕದ ಮೇಲೆ ನುಗ್ಗಿದ ಹಾಗೆ, ಅಷ್ಟೂ ಕರೆಂಟು ಅಲ್ಲೇ ಹಾಯಬೇಕು. ಆಗ ಆ ಜಾಗ ಕಾಯುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು! ಮೇಲೆ ಎಷ್ಟು ಟೇಪು ಸುತ್ತಿದರೂ ಒಳಗಿನ ಸಡಿಲ ಸರಿಹೋಗುವುದಿಲ್ಲ.

ಮೋಟಾರಿಗೆ ಅವರು ಬೋರ್ಡಿನಿಂದಲೇ ನೇರವಾಗಿ ದಪ್ಪ ವೈರು ಎಳೆದರು. "ಜಾಯಿಂಟೇ ಇಲ್ಲದಿದ್ದರೆ ಅದಕ್ಕಿಂತ ಒಳ್ಳೇದಿಲ್ಲ" ಎಂದರು. ಬಲ್ಬಿನ ವೈರಿಗೆ ಮಾತ್ರ ಚೀಲದಿಂದ ಪೆನ್ನಿನ ಮುಚ್ಚಳದಂಥ ಪ್ಲಾಸ್ಟಿಕ್ ಟೋಪಿಗಳನ್ನು ತೆಗೆದರು. ತಿರುಗಿಸಿ ಹಾಕುವ ಕನೆಕ್ಟರ್ ಅದು. ಒಳಗೆ ಸುರುಳಿ ಸ್ಪ್ರಿಂಗು ಇರುತ್ತದೆ. ತಿರುಗಿಸಿದಷ್ಟೂ ಅದು ತಂತಿಗಳನ್ನು ಒಟ್ಟಿಗೆ ಬಿಗಿಹಿಡಿಯುತ್ತದೆ. ಕೆನಡಾದಲ್ಲಿ ವಿಲಿಯಂ ಮಾರ್ ಎಂಬ ಎಲೆಕ್ಟ್ರಿಷಿಯನ್ 1914ರಲ್ಲಿ ಇಂಥದ್ದನ್ನು ಮೊದಲು ಮಾಡಿದರಂತೆ. ಅದಕ್ಕೂ ಮುಂಚೆ ತಂತಿ ಹೊಸೆದು, ಬೆಸುಗೆ ಹಾಕಿ, ಟೇಪು ಸುತ್ತಬೇಕಿತ್ತು. ಅಲ್ಲಿನವರು ಈಗಲೂ ಈ ಟೋಪಿಯನ್ನು ಅವರ ಹೆಸರಿನಿಂದಲೇ 'ಮಾರೆಟ್' ಎನ್ನುತ್ತಾರೆ.

ಅವರ ಕೆಲಸವನ್ನು ಮೊಮ್ಮಗಳು ದೂರದಲ್ಲಿ ಕೂತು ನೋಡಿ ಬರೆದುಕೊಂಡಳು:

1. ಮೊದಲು ಮೇನ್ ಸ್ವಿಚ್ ಬಂದ್. ಆಮೇಲೂ ಟೆಸ್ಟರ್ ಇಟ್ಟು ನೋಡಿದರು.
2. ಫೇಸಿಗೆ ಫೇಸ್, ನ್ಯೂಟ್ರಲ್ಲಿಗೆ ನ್ಯೂಟ್ರಲ್, ಅರ್ತಿಗೆ ಅರ್ತ್.
3. ವೈರಿನ ದಪ್ಪಕ್ಕೆ, ಎಷ್ಟು ವೈರುಗಳಿವೆ ಎಂಬುದಕ್ಕೆ ಸರಿಯಾದ ಅಳತೆಯ ಟೋಪಿ.
4. ತುದಿಗಳನ್ನು ಸುಲಿದು, ಸಮನಾಗಿ ಹಿಡಿದು, ಬಲಕ್ಕೆ ಬಿಗಿಯಾಗಿ ತಿರುಗಿಸಿದರು.
5. ಒಂದೊಂದೇ ವೈರು ಜಗ್ಗಿ ನೋಡಿದರು. ಟೋಪಿಯ ಹೊರಗೆ ತಾಮ್ರ ಕಾಣಬಾರದು.
6. ಕೊನೆಗೆ ಎಲ್ಲವನ್ನೂ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರು.

"ಅಲ್ಯೂಮಿನಿಯಂ ವೈರನ್ನು ತಾಮ್ರದ ಜೊತೆ ಈ ಟೋಪಿಗೆ ಹಾಕಬಾರದು" ಎಂದೂ ಹೇಳಿದರು.

ಮಕ್ಕಳೇ, ಇದನ್ನು ಓದಿ ನೀವೇ ಮಾಡಲು ಹೋಗಬೇಡಿ. ಮನೆಗೆ ಬರುವ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ನಿಮ್ಮ ಕೆಲಸ ಕಣ್ಣು, ಮೂಗಿನದು. ಬಲ್ಬು ಮಿಣುಕಿದರೆ, ಸ್ವಿಚ್ಚು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಮುಟ್ಟದೆ ದೊಡ್ಡವರನ್ನು ಕರೆಯಿರಿ. ಮಳೆಗಾಳಿಗೆ ದಾರಿಯಲ್ಲಿ ತಂತಿ ಬಿದ್ದಿದ್ದರೆ ಹತ್ತಿರ ಸುಳಿಯಬೇಡಿ. ದೊಡ್ಡವರಿಂದ 1912ಕ್ಕೆ ಫೋನ್ ಮಾಡಿಸಿ.

ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ನಿಮ್ಮ ಅಟ್ಟ, ಕೊಟ್ಟಿಗೆ, ಬಚ್ಚಲಿನಲ್ಲಿ ಹಳೇ ಕಪ್ಪು ಟೇಪು ಎಲ್ಲೆಲ್ಲಿದೆ, ಒಮ್ಮೆ ನೋಡಿಸಿ. ಮೊಮ್ಮಕ್ಕಳು ವಾಸನೆ ಅಂದರೆ ನಗಬೇಡಿ. ನಾನು ನಕ್ಕಿದ್ದೆ. ಅವಳು ಕೈ ಹಿಡಿದು ಎಳೆದದ್ದರಿಂದ ನಮ್ಮ ಕೊಟ್ಟಿಗೆ ಉಳಿಯಿತು.