ಪಾರ್ಲಿಮೆಂಟಿನಲ್ಲಿ ಒಂದು ಶುಕ್ರವಾರ

ಉಪ್ಪಲ್ ಚೌಕದಲ್ಲಿ ಕೆಂಪು ದೀಪ ಹೊತ್ತಿಕೊಂಡೊಡನೆ ವಾಹನಗಳು ಸಾಲುಗಟ್ಟಿ ನಿಲ್ಲುವುವು. ಆ ಅಲ್ಪ ಅವಧಿಯಲ್ಲಿಯೇ ಸೀರೆಯುಟ್ಟು ಹೂ ಮುಡಿದ ಕೆಲವರು ಚಪ್ಪಾಳೆ ತಟ್ಟುತ್ತ ವಾಹನದಿಂದ ವಾಹನಕ್ಕೆ ನಡೆದು ಕೈ ನೀಡುವುದನ್ನು, ಆ ಕಡೆಯಿಂದ ಶಾಲೆಗೆ ಬರುವ ನಮ್ಮ ವಿದ್ಯಾರ್ಥಿಗಳು ಕಂಡೇ ಇರುವರು. ಕೆಲವರು ಒಂದು ನಾಣ್ಯ ಕೊಡುವರು. ಕೆಲವರು ಕಾರಿನ ಗಾಜನ್ನು ಏರಿಸಿಕೊಳ್ಳುವರು. ಇನ್ನು ಕೆಲವರು ನಗುವರು. ದೀಪ ಹಸಿರಾದೊಡನೆ ಎಲ್ಲರೂ ಎಲ್ಲವನ್ನೂ ಮರೆತು ಮುಂದೆ ಸಾಗುವರು. ಒಮ್ಮೆ ಪೌರನೀತಿಯ ಪಾಠದಲ್ಲಿ ಪಾರ್ಲಿಮೆಂಟಿನ ರಚನೆಯನ್ನು ವಿವರಿಸುತ್ತಿದ್ದಾಗ ಉಪ್ಪಲ್ಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಅವರ ಪರವಾಗಿ ಅಲ್ಲಿ ಮಾತನಾಡುವವರು ಯಾರು?" ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಪಾರ್ಲಿಮೆಂಟಿನ ಒಂದು ದಿನದ ಕಲಾಪ ಹೇಗೆ ನಡೆಯುವುದೆಂಬುದನ್ನೂ ತಿಳಿಯಬೇಕಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಅವರು ಯಾರೆಂಬುದನ್ನು ಹೇಳಬೇಕು. ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ಇತರರು ಗುರುತಿಸಿದ ರೀತಿಗೂ, ಬೆಳೆದ ಮೇಲೆ ತಮ್ಮನ್ನು ತಾವು ಅರಿತುಕೊಂಡ ರೀತಿಗೂ ಹೊಂದಿಕೆಯಾಗದವರು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹೈದರಾಬಾದಿನಲ್ಲಿ ಅವರಲ್ಲಿ ಹಲವರು ಹಿಜ್ರಾ ಸಮುದಾಯಕ್ಕೆ ಸೇರಿದವರು. ಬಳ್ಳಾರಿ ಸೀಮೆಯಲ್ಲಿ ಎಲ್ಲಮ್ಮನ ಪರಂಪರೆಗೆ ಸೇರಿದವರನ್ನು ಜೋಗತಿಯರೆನ್ನುವರು. ಇಂದಿನ ಬರಹದಲ್ಲಿ ತೃತೀಯ ಲಿಂಗಿಗಳು ಅಥವಾ ಲಿಂಗತ್ವ ಅಲ್ಪಸಂಖ್ಯಾತರು ಎಂಬ ಮಾತುಗಳಿವೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ಈ ಸಮುದಾಯದವರೇ. ಆದರೆ ಅಂಥ ಗೌರವ ದೊರೆಯುವುದು ಬೆರಳೆಣಿಕೆಯಷ್ಟು ಜನರಿಗೆ. ಬಹುಮಂದಿ ಬಾಲ್ಯದಲ್ಲಿಯೇ ಮನೆಯನ್ನು, ಮನೆಯೊಡನೆ ಶಾಲೆಯನ್ನೂ ಕಳೆದುಕೊಳ್ಳುವರು. ಶಾಲೆ ತಪ್ಪಿದವರಿಗೆ ಉದ್ಯೋಗ ತಪ್ಪುವುದು; ಮನೆ ತಪ್ಪಿದವರಿಗೆ ವಿಳಾಸವಿಲ್ಲ; ವಿಳಾಸವಿಲ್ಲದವರಿಗೆ ಪಡಿತರ ಚೀಟಿ ಮೊದಲಾದವು ಸುಲಭವಾಗಿ ದೊರೆಯವು.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುವಲ್ಲದೆ ಮೂರನೆಯದಾಗಿ 'ಇತರ' ಎಂಬ ಕಲಮಿನಲ್ಲಿ ದೇಶದಲ್ಲೆಲ್ಲ ಎಣಿಸಲ್ಪಟ್ಟವರು 4,87,803 ಜನ. ಅವಿಭಕ್ತ ಆಂಧ್ರಪ್ರದೇಶದಲ್ಲಿ 43,769, ಕರ್ನಾಟಕದಲ್ಲಿ 20,266. ಉಪ್ಪಲ್ ಸೇರಿರುವ ಮಲ್ಕಾಜ್‌ಗಿರಿ ಲೋಕಸಭಾ ಕ್ಷೇತ್ರವೊಂದರಲ್ಲಿಯೇ 2019ರ ಚುನಾವಣೆಯ ವೇಳೆಗೆ 30 ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಅಂದರೆ ಇಡೀ ಭಾರತದಲ್ಲಿ ಲೆಕ್ಕಕ್ಕೆ ಬಂದ ಈ ಸಮುದಾಯದವರೆಲ್ಲರೂ ಸೇರಿದರೂ ನಮ್ಮ ಈ ಒಂದು ಕ್ಷೇತ್ರದ ಮತದಾರರ ಆರನೆಯ ಒಂದು ಪಾಲಿನಷ್ಟೂ ಆಗರು. ಅವರು ಒಂದೆಡೆ ನೆಲೆಸಿದವರೂ ಅಲ್ಲ, ಊರೂರಿಗೆ ಚದುರಿಹೋದವರು. ಅವರ ಮತದಿಂದಲೇ ಗೆಲ್ಲುವ, ಅವರ ಮುನಿಸಿನಿಂದಲೇ ಸೋಲುವ ಸದಸ್ಯನು ಎಲ್ಲಿಯೂ ಇಲ್ಲ. ವಿದ್ಯಾರ್ಥಿನಿಯ ಪ್ರಶ್ನೆಯ ತೂಕವಿರುವುದು ಇಲ್ಲಿಯೇ.

ಈಗ ಪಾರ್ಲಿಮೆಂಟಿನ ದಿನಚರಿಯನ್ನು ನೋಡೋಣ. ದಿನವು ಬಹುಮಟ್ಟಿಗೆ ಪ್ರಶ್ನೆಗಳಿಂದ ಮೊದಲಾಗುವುದು. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿಯೂ ಬಹುಕಾಲ ಬೆಳಿಗ್ಗೆಯೇ ಇದ್ದ ಪ್ರಶ್ನೋತ್ತರವು 2014ರ ಚಳಿಗಾಲದ ಅಧಿವೇಶನದಿಂದ ಮಧ್ಯಾಹ್ನ 12ಕ್ಕೆ ಸರಿಯಿತು. ಪ್ರಶ್ನೆ ಕೇಳುವುದೆಂದರೆ ಎದ್ದು ನಿಂತು ತೋಚಿದ್ದನ್ನು ಕೇಳುವುದಲ್ಲ. ಕನಿಷ್ಠ 15 ದಿನ ಮೊದಲೇ ಲಿಖಿತ ಸೂಚನೆ ಕೊಡಬೇಕು. ಲೋಕಸಭೆಯ ನಿಯಮದಂತೆ ಪ್ರಶ್ನೆಯು ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಕೂಡದು. ಸಚಿವರು ಸಭೆಯಲ್ಲಿ ಬಾಯಿಮಾತಿನಿಂದ ಉತ್ತರಿಸಬೇಕೆಂದು ಬಯಸುವ ಪ್ರಶ್ನೆಗೆ ಚುಕ್ಕೆಯ ಗುರುತನ್ನು ಹಾಕುವರು. ಅಂಥವು ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ. ಚುಕ್ಕೆಯಿಲ್ಲದ ಪ್ರಶ್ನೆಗಳು 230ರವರೆಗೆ ಇರಬಹುದು. ಅವುಗಳ ಉತ್ತರಗಳನ್ನು ಬರೆಹದಲ್ಲಿ ಮಂಡಿಸುವರು. ಚುಕ್ಕೆಯ ಪ್ರಶ್ನೆಯ ಲಾಭವೆಂದರೆ, ಉತ್ತರವನ್ನು ಕೇಳಿದ ಮೇಲೆ ಅದರಿಂದಲೇ ಹುಟ್ಟುವ ಪೂರಕ ಪ್ರಶ್ನೆಗಳನ್ನು ಕೇಳಬಹುದು. ಸಿದ್ಧಪಡಿಸಿ ತಂದ ಉತ್ತರವನ್ನು ಓದುವುದು ಯಾವ ಸಚಿವರಿಗೂ ಕಷ್ಟವಲ್ಲ. ಪೂರಕ ಪ್ರಶ್ನೆ ಬಂದಾಗ ವಿಷಯ ತಿಳಿದವರು ಯಾರು, ತಿಳಿಯದವರು ಯಾರು ಎಂಬುದು ಹೊರಬೀಳುವುದು.

ವಿಧವಾ ಪಿಂಚಣಿ, ಪರಿಶಿಷ್ಟರ ವಿದ್ಯಾರ್ಥಿವೇತನ, ಅಂಗವಿಕಲರ ಸೌಲಭ್ಯ ಮುಂತಾದ ಕಲ್ಯಾಣ ವಿಷಯಗಳು ಈ ವೇಳೆಯಲ್ಲಿ ಎಷ್ಟೋ ಸಲ ಬರುವುವು. ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಯಾವ ರಾಜ್ಯಕ್ಕೆ ಎಷ್ಟು ಸಂದಿತು ಎಂದು ಕೇಳಿದರೆ ಸರಕಾರವು ಅಂಕಿಗಳನ್ನು ಕೊಡಲೇಬೇಕು. ಆದರೆ ಪ್ರಶ್ನೆಗೊಂದು ಮಿತಿಯುಂಟು. ಯೋಜನೆಯಿದ್ದರೆ ಅದರ ಲೆಕ್ಕವನ್ನು ಕೇಳಬಹುದು; ಯೋಜನೆಯೇ ಇಲ್ಲದಿದ್ದರೆ 'ಇಲ್ಲ' ಎಂಬ ಉತ್ತರ ದೊರೆತು ಮಾತು ಅಲ್ಲಿಗೇ ನಿಲ್ಲುವುದು. ಪ್ರಶ್ನೆಯು ಸರಕಾರದಿಂದ ಮಾಹಿತಿಯನ್ನು ಪಡೆಯಬಲ್ಲುದು, ಸರಕಾರದ ಮೇಲೆ ಕರ್ತವ್ಯವನ್ನು ಹೊರಿಸಲಾರದು. ಅದಕ್ಕೆ ಕಾಯಿದೆಯೇ ಬೇಕು.

ಪ್ರಶ್ನೋತ್ತರವಲ್ಲದೆ, ತುರ್ತು ವಿಷಯಗಳನ್ನು ಎತ್ತುವ ಶೂನ್ಯವೇಳೆ, ವರದಿಗಳ ಮಂಡನೆ, ಆ ಬಳಿಕ ಸರಕಾರದ ಮಸೂದೆಗಳು ಎಂಬುದು ದಿನದ ಸಾಮಾನ್ಯ ಕ್ರಮ. ಒಂದು ಮಸೂದೆಯು ಎರಡೂ ಸಭೆಗಳಲ್ಲಿ ಮೂರು ವಾಚನಗಳನ್ನು ದಾಟಿ, ರಾಷ್ಟ್ರಪತಿಗಳ ಅಂಕಿತ ಪಡೆದ ಮೇಲೆಯೇ ಕಾಯಿದೆಯಾಗುವುದೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಪಾಠದಲ್ಲಿ ಅಷ್ಟಾಗಿ ಬಾರದ ವಿಷಯವೆಂದರೆ ಖಾಸಗಿ ಸದಸ್ಯರ ಮಸೂದೆ. ಸಚಿವರಲ್ಲದ ಪ್ರತಿಯೊಬ್ಬ ಸದಸ್ಯನೂ, ಆಡಳಿತ ಪಕ್ಷದವನಾದರೂ ಸರಿಯೆ, ಖಾಸಗಿ ಸದಸ್ಯನೆನಿಸುವನು. ಅವನೂ ಮಸೂದೆಯನ್ನು ತರಬಹುದು. ಅದಕ್ಕಾಗಿ ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆಗಳನ್ನು ಮೀಸಲಿರಿಸಿದ್ದಾರೆ. ಶುಕ್ರವಾರವೆಂದರೆ ಸದಸ್ಯರು ತಮ್ಮ ಊರುಗಳಿಗೆ ವಿಮಾನ ಹತ್ತುವ ದಿನ. ಆಸನಗಳು ಬಹುಪಾಲು ಬರಿದಾಗಿರುವುವು. ಪತ್ರಿಕೆಗಳ ಗಮನವೂ ಅಷ್ಟಕ್ಕಷ್ಟೆ. ವಾಡಿಕೆಯಂತೆ ಸದಸ್ಯನು ಮಸೂದೆಯ ಮೇಲೆ ಮಾತನಾಡುವನು. ಸಚಿವರು ಅವನ ಕಳಕಳಿಯನ್ನು ಹೊಗಳಿ, ಸರಕಾರವು ವಿಷಯವನ್ನು ಪರಿಶೀಲಿಸುತ್ತಿದೆಯೆಂದು ಭರವಸೆಯಿತ್ತು, ಮಸೂದೆಯನ್ನು ಹಿಂದಕ್ಕೆ ಪಡೆಯಬೇಕೆಂದು ಕೋರುವರು. ಅವನು ಹಿಂದಕ್ಕೆ ಪಡೆಯುವನು. ಹೀಗಾಗಿ 1952ರಿಂದ ಮೊದಲ್ಗೊಂಡು ಎರಡೂ ಸಭೆಗಳನ್ನು ದಾಟಿ ಕಾಯಿದೆಯಾದ ಖಾಸಗಿ ಮಸೂದೆಗಳು ಕೇವಲ 14. ಅವುಗಳಲ್ಲಿ ಎರಡನ್ನು ಶಾಲೆಯ ಮಕ್ಕಳು ವಿಶೇಷವಾಗಿ ತಿಳಿದಿರಬೇಕು: ಸ್ತ್ರೀಯರ ಮತ್ತು ಮಕ್ಕಳ ಆಶ್ರಯಸಂಸ್ಥೆಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದ, ರಾಜಮಾತಾ ಕಮಲೇಂದುಮತಿ ಶಾ ಅವರ 1956ರ ಕಾಯಿದೆ, ಅನಾಥಾಲಯಗಳನ್ನು ಮೇಲ್ವಿಚಾರಣೆಗೆ ಒಳಪಡಿಸಿದ, ಕೈಲಾಶ್ ಬಿಹಾರಿ ಲಾಲ್ ಅವರ 1960ರ ಕಾಯಿದೆ. ಹದಿನಾಲ್ಕರಲ್ಲಿ ಕೊನೆಯದು ಕಾಯಿದೆಯಾದುದು 1970ರಲ್ಲಿ. ಅನಂತರ ಯಾವ ಖಾಸಗಿ ಮಸೂದೆಯೂ ಕಾಯಿದೆಯಾಗಲಿಲ್ಲ.

2015ರ ಏಪ್ರಿಲ್ 24ನೆಯ ದಿನ ಅಂಥದೊಂದು ಶುಕ್ರವಾರ. ರಾಜ್ಯಸಭೆಯಲ್ಲಿ ತಮಿಳುನಾಡಿನ ದ್ರಾವಿಡ ಮುನ್ನೇತ್ರ ಕಳಗದ ಸದಸ್ಯರಾದ ಶ್ರೀ ತಿರುಚ್ಚಿ ಶಿವ ಅವರ ಮಸೂದೆ ಚರ್ಚೆಗೆ ಬಂದಿತು. ಅದರ ಹೆಸರು ತೃತೀಯ ಲಿಂಗಿಗಳ ಹಕ್ಕುಗಳ ಮಸೂದೆ, 2014. ಒಂದು ವರ್ಷ ಹಿಂದೆ, 2014ರ ಏಪ್ರಿಲ್ 15ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ. ಕೆ. ಸಿಕ್ರಿ ಅವರು, ತಾನು ಯಾರೆಂಬುದನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ಈ ಸಮುದಾಯದವರಿಗೆ ಉಂಟೆಂದು ತೀರ್ಪಿತ್ತಿದ್ದರು. ತೀರ್ಪು ಬಂದಿತು, ಅದನ್ನು ನಡೆಯಿಸತಕ್ಕ ಕಾಯಿದೆ ಇರಲಿಲ್ಲ. ಶಿವ ಅವರ ಮಸೂದೆಯು ಶಿಕ್ಷಣದಲ್ಲಿಯೂ ಸರಕಾರಿ ಉದ್ಯೋಗದಲ್ಲಿಯೂ ಮೀಸಲಾತಿಯನ್ನು, ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ಆಯೋಗಗಳನ್ನು, ವಿಶೇಷ ನ್ಯಾಯಾಲಯಗಳನ್ನು ಸೂಚಿಸಿತ್ತು.

ವಾಡಿಕೆಯಂತೆಯೇ ಸಾಮಾಜಿಕ ನ್ಯಾಯ ಸಚಿವರಾದ ಶ್ರೀ ತಾವರ್‌ಚಂದ್ ಗೆಹ್ಲೋಟ್ ಅವರು (ಇವರೇ 2021ರಲ್ಲಿ ಕರ್ನಾಟಕದ ರಾಜ್ಯಪಾಲರಾದವರು) ಸರಕಾರವು ತಾನೇ ಕ್ರಮ ಕೈಗೊಳ್ಳುತ್ತಿರುವುದರಿಂದ ಮಸೂದೆಯನ್ನು ಹಿಂದಕ್ಕೆ ಪಡೆಯಬೇಕೆಂದು ಕೋರಿದರು. ಶಿವ ಅವರು ಒಪ್ಪಲಿಲ್ಲ. ಮಸೂದೆಯನ್ನು ಮತಕ್ಕೆ ಹಾಕಲೇಬೇಕೆಂದರು. ಸಭಾನಾಯಕರಾಗಿದ್ದ ಶ್ರೀ ಅರುಣ್ ಜೇಟ್ಲಿ ಅವರು, ಇಂಥ ವಿಷಯದಲ್ಲಿ ಸಭೆ ಒಡೆದುದಾಗಿ ಕಾಣಬಾರದೆಂದು ಅಭಿಪ್ರಾಯಪಟ್ಟರು. ಪೀಠದಲ್ಲಿದ್ದ ಉಪಸಭಾಪತಿ ಶ್ರೀ ಪಿ. ಜೆ. ಕುರಿಯನ್ ಅವರು ಮಸೂದೆಯನ್ನು ಮತಕ್ಕೆ ಹಾಕಿದರು. ಧ್ವನಿಮತದಿಂದ, ಸರ್ವಾನುಮತವಾಗಿ, ಅದು ಅಂಗೀಕಾರವಾಯಿತು. ಮತಗಳ ಲೆಕ್ಕದಲ್ಲಿ ಯಾರಿಗೂ ಬೇಕಾಗದ ಜನರಿಗಾಗಿ, ವಾರದಲ್ಲಿ ಯಾರೂ ಗಮನಿಸದ ವೇಳೆಯಲ್ಲಿ, ಒಬ್ಬ ಸದಸ್ಯನು ವಾಡಿಕೆಗೆ ಮಣಿಯದೆ ನಿಂತುದರಿಂದ ಇದು ಸಾಧ್ಯವಾಯಿತು. ಸಂವಿಧಾನದಲ್ಲಿ ಇಂಥ ಧೈರ್ಯಕ್ಕೆ ಯಾವ ಅನುಚ್ಛೇದವೂ ಇಲ್ಲ. ಆದರೆ ಅದಕ್ಕೆ ಎಡೆ ಮಾಡಿಕೊಡುವ ಎರಡೂವರೆ ಗಂಟೆಗಳು ಕಾರ್ಯವಿಧಾನದ ನಿಯಮಗಳಲ್ಲಿ ಇದ್ದವು.

ಇದನ್ನು ತರಗತಿಯಲ್ಲಿ ಹೇಳಿದಾಗ ಅದೇ ವಿದ್ಯಾರ್ಥಿನಿಯು, "ಹಾಗಾದರೆ ಕಾಯಿದೆಯಾಯಿತೆ?" ಎಂದು ಕೇಳಿದಳು. ಆಗಲಿಲ್ಲ. ಲೋಕಸಭೆಯಲ್ಲಿ ಆ ಮಸೂದೆ ಅಂಗೀಕಾರವಾಗಲಿಲ್ಲ. ಸರಕಾರವು 2016ರ ಆಗಸ್ಟ್ 2ರಂದು ತನ್ನದೇ ಬೇರೊಂದು ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಅದರಲ್ಲಿ ಮೀಸಲಾತಿಯ ಮಾತಿರಲಿಲ್ಲ. ಒಬ್ಬ ವ್ಯಕ್ತಿ ತೃತೀಯ ಲಿಂಗಿಯೇ ಅಲ್ಲವೇ ಎಂಬುದನ್ನು ಜಿಲ್ಲಾಮಟ್ಟದ ಸಮಿತಿಯೊಂದು ಪರೀಕ್ಷಿಸಬೇಕಿತ್ತು. ಅವರನ್ನು ಭಿಕ್ಷೆಗೆ ತೊಡಗಿಸುವುದು ಅಪರಾಧವಾಗಬೇಕಿತ್ತು. ಬೇರೆ ಕೆಲಸ ಕೊಡದವರು ಭಿಕ್ಷೆಯನ್ನೂ ನಿಲ್ಲಿಸಿದರೆ ಉಣ್ಣುವುದೇನನ್ನು ಎಂದು ಸಮುದಾಯದವರು ಊರೂರುಗಳಲ್ಲಿ ಪ್ರತಿಭಟಿಸಿದರು. ಈ ಎರಡು ಅಂಶಗಳೂ 2019ರ ಮಸೂದೆಯಲ್ಲಿ ಕೈಬಿಟ್ಟುಹೋದವು. ಮಸೂದೆಯನ್ನು ಸ್ಥಾಯೀ ಸಮಿತಿಗೆ ಕಳುಹಿಸುವುದು, ಹೊರಗಿನವರ ಅಭಿಪ್ರಾಯ ಕೇಳುವುದು ಮುಂತಾದ ಕ್ರಮಗಳು ಕೇವಲ ಕಾಲಹರಣವೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ.

2019ರ ಮಸೂದೆಯನ್ನು ಲೋಕಸಭೆ ಅಂಗೀಕರಿಸಿದುದು ಆಗಸ್ಟ್ 5ರಂದು. ಅದೇ ದಿನ ರಾಜ್ಯಸಭೆಯಲ್ಲಿ ಜಮ್ಮು ಮತ್ತು ಕಾಶ್ಮೀರದ ವಿಷಯ ಬಂದುದರಿಂದ ದೇಶದ ಕಣ್ಣೆಲ್ಲ ಅತ್ತ ಇದ್ದಿತು. ನವೆಂಬರ್ 26ರಂದು ಮಸೂದೆ ರಾಜ್ಯಸಭೆಗೆ ಬಂದಾಗ, ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂದು ಶಿವ ಅವರೇ ಸೂಚನೆ ಮಂಡಿಸಿದರು. ಈ ಸಲ ಅವರು ಸೋತರು. ಡಿಸೆಂಬರ್ 5ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು, 2020ರ ಜನವರಿ 10ರಿಂದ ಕಾಯಿದೆ ಜಾರಿಗೆ ಬಂದಿತು. ಶಾಲೆ, ಆಸ್ಪತ್ರೆ, ಉದ್ಯೋಗ, ವಸತಿಗಳಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸಿತು. ಆದರೆ ಗುರುತಿನ ಪತ್ರಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕೆಂಬ ನಿಯಮವನ್ನು ಹಲವರು ಒಪ್ಪಲಿಲ್ಲ. ಕಾಯಿದೆ ಬಂದ ಮೇಲೆ ಪ್ರಶ್ನೋತ್ತರ ವೇಳೆಗೆ ಮತ್ತೆ ಕೆಲಸ ಬಂದಿತು. ಗುರುತಿನ ಪತ್ರ ಎಷ್ಟು ಜನರಿಗೆ ದೊರೆಯಿತು, ಆಶ್ರಯಗೃಹಗಳು ಎಲ್ಲೆಲ್ಲಿ ತೆರೆದವು ಎಂದು ಇನ್ನು ಕೇಳಬಹುದಾಗಿತ್ತು. 'ಇಲ್ಲ' ಎಂಬ ಒಂದೇ ಮಾತಿನಿಂದ ಜಾರಿಕೊಳ್ಳುವಂತಿರಲಿಲ್ಲ.

ನಮ್ಮ ನಗರದ ಸಂಗತಿಯೊಂದನ್ನು ಇನ್ನೂ ಹೇಳಿಲ್ಲ. ನಿಜಾಮರ ಆಳ್ವಿಕೆಯಲ್ಲಿ, ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ಹೈದರಾಬಾದಿನಲ್ಲಿ ಈ ಜನರ ಮೇಲೆ ಒಂದು ಕಾನೂನು ಬಂದಿತು. ಅದರಂತೆ ಅವರ ಹೆಸರುಗಳನ್ನು ದಫ್ತರದಲ್ಲಿ ದಾಖಲಿಸಿಡಬೇಕು. ಹೆಣ್ಣುಡುಗೆ ಉಟ್ಟು ಅಥವಾ ಹಾಡುತ್ತ ಕುಣಿಯುತ್ತ ಬೀದಿಯಲ್ಲಿ ಕಂಡುಬಂದರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷಗಳವರೆಗೆ ಸೆರೆಯಲ್ಲಿಡಬಹುದು. ನಿಜಾಮರು ಹೋದರು, ಹೈದರಾಬಾದ್ ರಾಜ್ಯ ಹೋಯಿತು, ಆಂಧ್ರಪ್ರದೇಶ ಬಂದಿತು, ತೆಲಂಗಾಣವೂ ಆಯಿತು. ಈ ಕಾನೂನು ಮಾತ್ರ ಹೆಸರು ಬದಲಿಸಿಕೊಂಡು ಕಾಯಿದೆಯ ಪುಸ್ತಕದಲ್ಲಿ ಉಳಿದೇ ಇತ್ತು. ದೆಹಲಿಯಲ್ಲಿ ರಾಜ್ಯಸಭೆಯು ಸರ್ವಾನುಮತದಿಂದ ಹಕ್ಕುಗಳ ಮಸೂದೆಯನ್ನು ಅಂಗೀಕರಿಸಿದ ಆ ಶುಕ್ರವಾರದಂದೂ ಅದು ಇಲ್ಲಿ ಇದ್ದಿತು. 2023ರ ಜುಲೈಯಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಸಂವಿಧಾನಬಾಹಿರವೆಂದು ಸಾರಿ ತಳ್ಳಿಹಾಕಿತು. ಈ ಸಮುದಾಯದವರಿಗೂ ಆಸರಾ ಪಿಂಚಣಿಯ ಸೌಲಭ್ಯ ಸಲ್ಲಬೇಕೆಂದಿತು.

2024ರ ಡಿಸೆಂಬರಿನಲ್ಲಿ ಹೈದರಾಬಾದ್ ಪೊಲೀಸರು ಇದೇ ಸಮುದಾಯದ 39 ಜನರನ್ನು ಸಂಚಾರ ಸಹಾಯಕರಾಗಿ ನೇಮಿಸಿಕೊಂಡರು. ನಗರದ ಕೆಲವು ಚೌಕಗಳಲ್ಲಿ ಅವರು ಸಮವಸ್ತ್ರ ತೊಟ್ಟು ನಿಂತು, ಕೆಂಪು ದೀಪ ಹೊತ್ತಿದಾಗ ಕೈ ಎತ್ತಿ ವಾಹನಗಳನ್ನು ನಿಲ್ಲಿಸತೊಡಗಿದರು.