ಪಿಸ್ತೂಲು ಗುರಿಕಾರಿಕೆ: ಸಲಕರಣೆ ಮತ್ತು ಗುಂಡುಗಳ ವಿಚಾರ

ಪ್ಯಾರಿಸ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ 2024ನೆಯ ಇಸವಿ ಜುಲೈ 28ರಂದು ಹರಿಯಾಣದ ಮನು ಭಾಕರ್ ಅವರು 10 ಮೀಟರ್ ಗಾಳಿಪಿಸ್ತೂಲಿನ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದರು. ಒಲಿಂಪಿಕ್ ಗುರಿಕಾರಿಕೆಯಲ್ಲಿ ಪದಕ ಪಡೆದ ಪ್ರಥಮ ಭಾರತೀಯ ಮಹಿಳೆ ಅವರೇ. ಎರಡು ದಿನಗಳ ತರುವಾಯ ಸರಬ್‌ಜೋತ್ ಸಿಂಗ್ ಅವರೊಡಗೂಡಿ ಮತ್ತೊಂದು ಕಂಚನ್ನೂ ಗಳಿಸಿದರು. ಈ ವಾರ್ತೆ ನಮ್ಮ ಕಂಬಂ ಕಣಿವೆಯ ಹುಡುಗ ಹುಡುಗಿಯರಲ್ಲಿಯೂ ಉತ್ಸಾಹವನ್ನು ಹುಟ್ಟಿಸಿದೆ. ಹನುಮಂತನಪಟ್ಟಿಯ ಕೆಲವು ತಂದೆತಾಯಿಗಳು, "ಯಾವ ಪಿಸ್ತೂಲನ್ನು ಕೊಳ್ಳಬೇಕು? ಎಷ್ಟು ಹಣ ಬೇಕು?" ಎಂದು ನಮ್ಮನ್ನು ಕೇಳುತ್ತಿದ್ದಾರೆ. ಸ್ಪರ್ಧೆಗೆ ಯೋಗ್ಯವಾದ ವಿದೇಶೀ ಗಾಳಿಪಿಸ್ತೂಲಿನ ಬೆಲೆ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಸಣ್ಣ ದ್ರಾಕ್ಷಿ ತೋಟದ ಕುಟುಂಬಕ್ಕೆ ಅದು ಒಂದು ಫಸಲಿನ ಹಣವೇ ಸರಿ. ಆದುದರಿಂದ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಒಂದು ನಿದರ್ಶನವನ್ನು ನೋಡೋಣ. ಇದೇ ಮನು ಭಾಕರ್ ಅವರು 2021ನೆಯ ಇಸವಿ ಜುಲೈ 25ರಂದು ಟೋಕಿಯೋದಲ್ಲಿ ಸ್ಪರ್ಧಿಸುತ್ತಿದ್ದಾಗ ಅವರ ಪಿಸ್ತೂಲು ನಡುವೆಯೇ ಕೆಟ್ಟುಹೋಯಿತು. ಅದನ್ನು ಸರಿಪಡಿಸುವುದರಲ್ಲಿ ಅಮೂಲ್ಯವಾದ ಹಲವು ನಿಮಿಷಗಳು ಕಳೆದುವು. ಅವರಿಗೆ ದೊರೆತುದು 575 ಅಂಕಗಳು. ಕೇವಲ ಎರಡು ಅಂಕಗಳ ಕೊರತೆಯಿಂದ ಅಂತಿಮ ಸುತ್ತು ತಪ್ಪಿತು. ಒಳ್ಳೆಯ ಸಲಕರಣೆಯು ಯಾರನ್ನೂ ಗುರಿಕಾರನನ್ನಾಗಿ ಮಾಡಲಾರದು. ಆದರೆ ಕೆಟ್ಟ ಸಲಕರಣೆಯು ಒಳ್ಳೆಯ ಗುರಿಕಾರನ ವರ್ಷಗಳ ಶ್ರಮವನ್ನು ಕ್ಷಣದಲ್ಲಿ ಕೆಡಿಸಬಲ್ಲದು. ಕೈಗೆ ಹೊಂದುವುದು, ಸುಸ್ಥಿತಿಯಲ್ಲಿರುವುದು, ಪ್ರತಿಸಲವೂ ಒಂದೇ ರೀತಿಯಾಗಿ ವರ್ತಿಸುವುದು: ಸಲಕರಣೆಯಲ್ಲಿ ನಾವು ಅರಸಬೇಕಾದುವು ಈ ಮೂರು ಗುಣಗಳು. ಬೆಲೆಯಾಗಲಿ ಹೆಸರಾಗಲಿ ಅನಂತರದ ಮಾತು.

ಪಿಸ್ತೂಲಿನ ಸ್ಪರ್ಧೆಗಳಲ್ಲಿ ಮುಖ್ಯವಾದುವು ಮೂರು. ಮೊದಲನೆಯದು 10 ಮೀಟರ್ ದೂರದ ಗಾಳಿಪಿಸ್ತೂಲು. ಇದರ ಗುಂಡು 4.5 ಮಿಲಿಮೀಟರ್ ವ್ಯಾಸದ್ದು. ಒತ್ತಿಹಿಡಿದ ಗಾಳಿಯ ಬಲದಿಂದ ಹೊರಡುತ್ತದೆ. ಎರಡನೆಯದು 25 ಮೀಟರ್ ಸ್ಪರ್ಧೆ. ಇದರಲ್ಲಿ ಮದ್ದು ತುಂಬಿದ 5.6 ಮಿಲಿಮೀಟರಿನ, ಅಂದರೆ ಪಾಯಿಂಟ್ ಇಪ್ಪತ್ತೆರಡು ಎಂದು ಕರೆಯುವ ತೋಟಾಗಳನ್ನು ಬಳಸುತ್ತಾರೆ. ಮೂರನೆಯದು 50 ಮೀಟರ್ ಸ್ಪರ್ಧೆ. 2016ರ ರಿಯೋ ಕ್ರೀಡೆಗಳ ಬಳಿಕ ಇದನ್ನು ಒಲಿಂಪಿಕ್ಸಿನಿಂದ ಕೈಬಿಟ್ಟಿದ್ದಾರೆ. ಶಾಲಾ ಮಕ್ಕಳು ಆರಂಭಿಸಬೇಕಾದುದು ಗಾಳಿಪಿಸ್ತೂಲಿನಿಂದಲೇ. ಸ್ಪರ್ಧಾಳುವು ನಿಂತುಕೊಂಡು, ಒಂದೇ ಕೈಯನ್ನು ಯಾವ ಆಸರೆಯೂ ಇಲ್ಲದೆ ಚಾಚಿ, 75 ನಿಮಿಷಗಳಲ್ಲಿ 60 ಗುಂಡುಗಳನ್ನು ಹಾರಿಸಬೇಕು. ಗುರಿಪಟದ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್ ಮಾತ್ರ.

ಕಾನೂನಿನ ವಿಷಯವನ್ನು ಪೋಷಕರು ಮೊದಲೇ ತಿಳಿದಿರತಕ್ಕದ್ದು. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳು ಜಾರಿಯಲ್ಲಿವೆ. 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಗಾಳಿಪಿಸ್ತೂಲಿಗೆ ಪರವಾನಿಗೆ ಬೇಕಿಲ್ಲ. ಸ್ಪರ್ಧೆಯ ಗಾಳಿಪಿಸ್ತೂಲಿನ ಶಕ್ತಿ ಸುಮಾರು 6 ಜೂಲ್ ಮಾತ್ರವಿರುವುದರಿಂದ ಅದು ಈ ಮಿತಿಯೊಳಗೇ ಇದೆ. ಪಾಯಿಂಟ್ ಇಪ್ಪತ್ತೆರಡರ ಪಿಸ್ತೂಲಿಗೂ ಅದರ ತೋಟಾಗಳಿಗೂ ಪರವಾನಿಗೆ ಅತ್ಯಾವಶ್ಯಕ. ಅಂತಹುದನ್ನು ವಿದ್ಯಾರ್ಥಿಗಳು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನಲ್ಲಿ, ಶಿಕ್ಷಕರ ಎದುರಿನಲ್ಲಿ ಮಾತ್ರ ಮುಟ್ಟತಕ್ಕದ್ದು. ಈ ಕ್ರೀಡೆಯ ಅಖಿಲ ಭಾರತ ಸಂಸ್ಥೆಯಾದ ರಾಷ್ಟ್ರೀಯ ರೈಫಲ್ ಸಂಘವು 1951ರಲ್ಲಿ ಸ್ಥಾಪಿತವಾಯಿತು. ಲೋಕಸಭೆಯ ಪ್ರಥಮ ಸಭಾಪತಿಗಳಾದ ಜಿ. ವಿ. ಮಾವಳಂಕರ್ ಅವರು ಅದರ ಮೊದಲ ಅಧ್ಯಕ್ಷರು.

ಇನ್ನು ಕೊಳ್ಳುವ ವಿಚಾರ. ಪ್ರಾರಂಭದಲ್ಲಿ ಪಿಸ್ತೂಲನ್ನು ಕೊಳ್ಳಲೇಬಾರದೆಂಬುದು ನಮ್ಮ ಸಲಹೆ. ಕ್ಲಬ್ಬಿನ ಪಿಸ್ತೂಲಿನಿಂದ ಕೆಲವು ತಿಂಗಳು ಅಭ್ಯಾಸ ಮಾಡಿದರೆ ಮಗುವಿನ ಆಸಕ್ತಿ ನಿಲ್ಲುವುದೋ ಇಲ್ಲವೋ ಎಂಬುದು ತಿಳಿಯುತ್ತದೆ. ಕೈಯ ಅಳತೆಯೂ ಗೊತ್ತಾಗುತ್ತದೆ. ಮೊದಲ ಹಣವನ್ನು ಕಣ್ಣು, ಕಿವಿ, ಕಾಲುಗಳಿಗೆ ವೆಚ್ಚಮಾಡಬೇಕು. ಸೀಸದ ಚೂರು ಗಟ್ಟಿಯಾದ ವಸ್ತುವಿಗೆ ಬಡಿದು ಹಿಂದಕ್ಕೆ ಸಿಡಿಯಬಹುದಾದ್ದರಿಂದ ರಕ್ಷಣಾ ಕನ್ನಡಕ ಬೇಕು. ಮದ್ದಿನ ಪಿಸ್ತೂಲುಗಳ ಸದ್ದಿನಿಂದ ಶ್ರವಣಶಕ್ತಿಗೆ ಹಾನಿಯಾಗದಂತೆ ಕಿವಿಮುಚ್ಚುಗೆ ಬೇಕು. ಪಾದರಕ್ಷೆಯು ಚಪ್ಪಟೆಯಾದ, ಬಾಗದ ಅಡಿಯುಳ್ಳದ್ದಾಗಿರಬೇಕು; ಆದರೆ ಕಾಲಿನ ಗಿಣ್ಣನ್ನು ಮುಚ್ಚುವಂತಹುದನ್ನು ಪಿಸ್ತೂಲಿನ ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ. ಗುರಿಯಿಡದ ಕಣ್ಣನ್ನು ಮುಚ್ಚಿ ಬಿಗಿಹಿಡಿಯುವುದರಿಂದ ಮುಖದ ಸ್ನಾಯುಗಳು ದಣಿಯುತ್ತವೆ. ಅದಕ್ಕೆ ಬದಲಾಗಿ ಆ ಕಣ್ಣಿನ ಮುಂದೆ 30 ಮಿಲಿಮೀಟರಿಗಿಂತ ಅಗಲವಲ್ಲದ ಒಂದು ಬಿಳಿಯ ಪಟ್ಟಿಯನ್ನು ತೂಗಿಬಿಟ್ಟರೆ ಸಾಕು. ಮನೆಯಲ್ಲಿಯೇ ಇದನ್ನು ಕತ್ತರಿಸಿಕೊಳ್ಳಬಹುದು.

ಪಿಸ್ತೂಲನ್ನು ಆರಿಸುವ ಕಾಲ ಬಂದಾಗ ಮೊಟ್ಟಮೊದಲು ನೋಡಬೇಕಾದುದು ಹಿಡಿಯನ್ನು. ಆಸ್ಟ್ರಿಯಾದ ಸ್ಟೆಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವರ್ಕ್‌ಬೌ, ಇಟಲಿಯ ಪಾರ್ಡಿನಿ ಇವೆಲ್ಲವೂ ಪ್ರಸಿದ್ಧವಾದ ತಯಾರಿಕೆಗಳೇ. ಯಂತ್ರದ ನಿಷ್ಕೃಷ್ಟತೆಯಲ್ಲಿ ಇವುಗಳೊಳಗಿನ ಅಂತರವು ಕಲಿಯುವವನಿಗೆ ತೋರುವಷ್ಟಿಲ್ಲ. ಹಿಡಿಗಳು ಮಾತ್ರ ಬಲಗೈಗೆ ಬೇರೆ, ಎಡಗೈಗೆ ಬೇರೆ, ಚಿಕ್ಕ ಕೈಗೆ ಬೇರೆ ಎಂದು ಹಲವು ಅಳತೆಗಳಲ್ಲಿ ಬರುತ್ತವೆ. ಕಣ್ಣು ಮುಚ್ಚಿ ಪಿಸ್ತೂಲನ್ನೆತ್ತಿ, ಕಣ್ಣು ತೆರೆದಾಗ ಗುರಿಮೊಳೆಯು ಗುರಿಗಂಡಿಯ ನಡುವೆಯೇ ನಿಂತಿದ್ದರೆ ಹಿಡಿ ಹೊಂದಿದೆಯೆಂದು ತಿಳಿಯಬೇಕು. ಪಕ್ಕಕ್ಕೆ ವಾಲಿದ್ದರೆ ಮರವನ್ನು ಕೊಂಚ ಕೊಂಚವಾಗಿ ಅರದಿಂದ ಉಜ್ಜಿಯೋ, ಮರದ ಪುಡಿಯ ಮೇಣವನ್ನು ಮೆತ್ತಿಯೋ ಸರಿಪಡಿಸಬೇಕು. ಸ್ಪರ್ಧೆಯಲ್ಲಿ ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು. ಬೆಳೆಯುವ ಮಕ್ಕಳಿಗೆ ಒಂದು ಕಿಲೋಗ್ರಾಮಿಗಿಂತ ಹಗುರವಾದ ಮಾದರಿಯೇ ಲೇಸು. ಭಾರವಾದುದನ್ನು ಎತ್ತಿದ ಮಗುವು ಸೊಂಟವನ್ನು ಹಿಂದಕ್ಕೆ ಬಾಗಿಸಿ ನಿಲ್ಲುವುದನ್ನು ಕಲಿತುಬಿಡುತ್ತದೆ.

ನಳಿಕೆಯ ತುದಿಯಲ್ಲಿರುವ ಚೌಕವಾದ ಗುರಿಮೊಳೆ, ಹಿಂದಿರುವ ಗುರಿಗಂಡಿ, ಇವೆರಡೇ ಗುರಿಯಿಡುವ ಸಾಧನಗಳು. ದೂರದರ್ಶಕ ಗಾಜುಗಳಿಗೆ ಅನುಮತಿಯಿಲ್ಲ. ಇಲ್ಲಿ ಒಂದು ಸರಳವಾದ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿನೋಡಲಿ. ಮೊಳೆಗೂ ಗಂಡಿಗೂ ನಡುವೆ 320 ಮಿಲಿಮೀಟರ್ ಅಂತರವಿದೆಯೆಂದು ಭಾವಿಸೋಣ. ಕೈಯೆಲ್ಲವೂ ಒಟ್ಟಾಗಿ ಅರ್ಧ ಮಿಲಿಮೀಟರ್ ಸರಿದರೆ ಗುಂಡು ಗುರಿಪಟದಲ್ಲಿಯೂ ಅರ್ಧ ಮಿಲಿಮೀಟರ್ ಮಾತ್ರ ಸರಿಯುತ್ತದೆ. ಆದರೆ ಮೊಳೆಯೊಂದೇ ಗಂಡಿಯೊಳಗೆ ಅರ್ಧ ಮಿಲಿಮೀಟರ್ ಓರೆಯಾದರೆ, ಸಮರೂಪ ತ್ರಿಭುಜಗಳ ನಿಯಮದಂತೆ, 10 ಮೀಟರ್ ದೂರದಲ್ಲಿ ಸುಮಾರು 15 ಮಿಲಿಮೀಟರ್ ತಪ್ಪುತ್ತದೆ. ಅಂಕದ ಉಂಗುರಗಳು 8 ಮಿಲಿಮೀಟರಿಗೆ ಒಂದರಂತೆ ಇರುವುದರಿಂದ ಸರಿಸುಮಾರು ಎರಡು ಅಂಕಗಳ ನಷ್ಟವಾಯಿತು. ಆದುದರಿಂದ ದೃಷ್ಟಿಯು ನೆಟ್ಟಿರಬೇಕಾದುದು ಗುರಿಮೊಳೆಯ ಮೇಲೆ. ಗುರಿಪಟವು ಮಸುಕಾಗಿ ಕಂಡರೆ ಕಾಣಲಿ. ದ್ರೋಣಾಚಾರ್ಯರ ಪ್ರಶ್ನೆಗೆ ಅರ್ಜುನನು ಪಕ್ಷಿಯ ತಲೆಯೊಂದೇ ಕಾಣುತ್ತಿದೆ ಎಂದನಂತೆ. ಪಿಸ್ತೂಲಿನ ವಿದ್ಯಾರ್ಥಿಯು ಹೇಳಬೇಕಾದ ಉತ್ತರ ಅದಕ್ಕೆ ವಿರುದ್ಧವಾದುದು! ದೃಷ್ಟಿದೋಷವುಳ್ಳ ಮಕ್ಕಳಿಗೆ ಕನ್ನಡಕ ಮಾಡಿಸುವಾಗ ಮೊಳೆಯು ಸ್ಪಷ್ಟವಾಗಿ ಕಾಣಬೇಕೆಂಬ ಈ ಸಂಗತಿಯನ್ನು ನೇತ್ರವೈದ್ಯರಿಗೆ ತಿಳಿಸಬೇಕು.

ಟ್ರಿಗರ್ ಅಥವಾ ಕುದುರೆಯ ಎಳೆತಕ್ಕೂ ನಿಯಮವಿದೆ. ಗಾಳಿಪಿಸ್ತೂಲಿನಲ್ಲಿ ಅದು 500 ಗ್ರಾಂಗಿಂತಲೂ, 25 ಮೀಟರ್ ಪಿಸ್ತೂಲಿನಲ್ಲಿ 1,000 ಗ್ರಾಂಗಿಂತಲೂ ಕಡಿಮೆಯಿರಬಾರದು. ಸ್ಪರ್ಧೆಯ ಮುನ್ನ ನಳಿಕೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ತೂಕದ ಬಟ್ಟನ್ನು ಕುದುರೆಗೆ ನೇತುಹಾಕಿ ಎತ್ತುತ್ತಾರೆ. ಕುದುರೆ ಬಿಟ್ಟುಕೊಂಡರೆ ಪಿಸ್ತೂಲನ್ನು ತಿರಸ್ಕರಿಸುತ್ತಾರೆ. ಸರಿಯಾಗಿ 500ಕ್ಕೆ ನಿಲ್ಲಿಸದೆ ಹತ್ತಿಪ್ಪತ್ತು ಗ್ರಾಂ ಹೆಚ್ಚಿಗೆ ಇಟ್ಟುಕೊಳ್ಳುವುದು ವಿವೇಕ. ಒಮ್ಮೆ ಹೊಂದಿಸಿದ ಬಳಿಕ ವಾರಕ್ಕೊಮ್ಮೆ ತಿರುಪನ್ನು ತಿರುಗಿಸುವ ಚಾಪಲ್ಯ ಬೇಡ. ಬೆರಳು ಅಭ್ಯಾಸದಿಂದ ಕಲಿತುದನ್ನು ತಿರುಪು ಮರೆಸಿಬಿಡುತ್ತದೆ.

ಗಾಳಿಯ ಸಿಲಿಂಡರಿನಲ್ಲಿ ತುಂಬುವ ಒತ್ತಡ 200 ಬಾರ್, ಎಂದರೆ ನಮ್ಮ ಸುತ್ತಲಿನ ವಾಯುವಿನ ಒತ್ತಡದ ಸುಮಾರು 200 ಪಟ್ಟು. ಇದನ್ನು ಅಲಕ್ಷಿಸಬಾರದು. ಸಿಲಿಂಡರಿನ ಮೇಲೆ ಮುದ್ರಿಸಿದ ಅವಧಿ ಮೀರಿದರೆ ಸ್ಪರ್ಧೆಯಲ್ಲಿ ಅದನ್ನು ಸೇರಿಸುವುದಿಲ್ಲ. ಸೇರಿಸಿದರೂ ಬಳಸುವುದು ಅಪಾಯಕರ. ತುಂಬುವಾಗ ನಿಧಾನವಾಗಿ ತುಂಬಬೇಕು. ಎಣ್ಣೆ ಸವರಬಾರದು, ಆಮ್ಲಜನಕವನ್ನು ಎಂದಿಗೂ ತುಂಬಬಾರದು. ಅಧಿಕ ಒತ್ತಡದಲ್ಲಿ ಇವೆರಡೂ ಬೆಂಕಿಗೆ ಕಾರಣವಾಗುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ನಮ್ಮ ಕಣಿವೆಯಲ್ಲಿ ಸುರಿಯುವಾಗ ಗಾಳಿಯಲ್ಲಿ ತೇವವಿರುತ್ತದೆ. ಆ ದಿನಗಳಲ್ಲಿ ಕೈಪಂಪಿನಿಂದ ತುಂಬುವವರು ತೇವವನ್ನು ಹೀರುವ ಶೋಧಕವನ್ನು ಅವಶ್ಯವಾಗಿ ಬಳಸಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಸಿಲಿಂಡರನ್ನು ಬಿಟ್ಟುಹೋಗಬಾರದು.

ಈಗ ಗುಂಡುಗಳು. ಗಾಳಿಪಿಸ್ತೂಲಿನ ಗುಂಡಿಗೆ ಪೆಲೆಟ್ ಎಂದು ಹೆಸರು. ಸೀಸದಿಂದಾದ ಇದರ ಸೊಂಟ ಸಣ್ಣದು, ಹಿಂಭಾಗ ಲಂಗದಂತೆ ಅರಳಿದ್ದು, ತಲೆ ಚಪ್ಪಟೆ. ಚಪ್ಪಟೆ ತಲೆಯು ಕಾಗದದಲ್ಲಿ ದುಂಡಗಿನ ಶುದ್ಧವಾದ ತೂತನ್ನು ಕೊರೆಯುವುದರಿಂದ ಅಂಕಗಳನ್ನೆಣಿಸಲು ಅನುಕೂಲ. ಒಂದರ ತೂಕ ಸುಮಾರು ಅರ್ಧ ಗ್ರಾಂ. ತಲೆಯ ವ್ಯಾಸದಲ್ಲಿ 4.49, 4.50, 4.51 ಮಿಲಿಮೀಟರ್ ಎಂಬ ಸೂಕ್ಷ್ಮ ಭೇದಗಳಿವೆ. ಯಾವುದು ಯಾವ ನಳಿಕೆಗೆ ಒಪ್ಪುವುದೆಂಬುದನ್ನು ಪಿಸ್ತೂಲನ್ನು ಅಲುಗದಂತೆ ಬಿಗಿದು, ಐದೈದು ಗುಂಡುಗಳನ್ನು ಹಾರಿಸಿ, ತೂತುಗಳ ಗುಂಪು ಎಷ್ಟು ಚಿಕ್ಕದೆಂದು ನೋಡಿಯೇ ನಿರ್ಧರಿಸಬೇಕು. ಆದರೆ ಏಳೆಂಟು ಅಂಕಗಳ ನಡುವೆ ತಡವರಿಸುತ್ತಿರುವ ಕೈಗೆ ಈ ಪರೀಕ್ಷೆ ಇನ್ನೂ ಅಗತ್ಯವಿಲ್ಲ. ಅಂತಹವರು ಅಭ್ಯಾಸಕ್ಕೆಂದು ಮಾರುವ ಅಗ್ಗದ ಚಪ್ಪಟೆ ತಲೆಯ ಪೆಲೆಟ್‌ಗಳಲ್ಲಿ ಒಂದು ಬಗೆಯನ್ನು ಆರಿಸಿ ಅದನ್ನೇ ಬಳಸುತ್ತಿರಲಿ. 500 ಪೆಲೆಟ್‌ಗಳ ಡಬ್ಬಿಯು ಸ್ಪರ್ಧೆಯ ಅಳತೆಯ ಅಭ್ಯಾಸಕ್ಕೆ ಎಂಟು ದಿನ ಬರುತ್ತದೆ. ತಿಂಗಳ ವೆಚ್ಚವನ್ನು ಪೋಷಕರು ಇದರಿಂದ ಲೆಕ್ಕಹಾಕಬಹುದು. ಡಬ್ಬಿಯನ್ನು ಕೆಳಗೆ ಬೀಳಿಸಿದರೆ ಮೃದುವಾದ ಸೀಸದ ಅಂಚು ನೆಗ್ಗುತ್ತದೆ. ನೆಗ್ಗಿದುದು ನೇರವಾಗಿ ಹಾರದು. ಬಿಳಿಯ ಪುಡಿ ಕಟ್ಟಿದ ಹಳೆಯ ಪೆಲೆಟ್‌ಗಳನ್ನು ಬಳಸಬಾರದು.

ಪಾಯಿಂಟ್ ಇಪ್ಪತ್ತೆರಡರ ತೋಟಾದಲ್ಲಿ ಸಿಡಿಯುವ ರಾಸಾಯನಿಕವು ಬುಡದ ಅಂಚಿನಲ್ಲಿ ಸುತ್ತಲೂ ಇರುತ್ತದೆ. ಅದರ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಇಲ್ಲಿ ವೇಗವೇ ಗುಣವೆಂದು ತಿಳಿಯಬಾರದು. ಗುರಿಕಾರಿಕೆಗೆ ಬೇಕಾದುದು ಶಬ್ದದ ವೇಗವನ್ನು ಮೀರದ, ಒಂದೇ ಸಮನಾದ ತೋಟಾ. ಅತಿವೇಗದ ತೋಟಾಗಳು ಪಿಸ್ತೂಲನ್ನು ಹೆಚ್ಚು ಒದೆಯಿಸುತ್ತವೆ, ಯಂತ್ರವನ್ನು ಬೇಗ ಸವೆಸುತ್ತವೆ. ಈಲಿ, ಲಾಪುವಾ ಮುಂತಾದ ತಯಾರಕರು ಪೆಟ್ಟಿಗೆಯ ಮೇಲೆ ತಯಾರಿಕೆಯ ಕಂತಿನ ಸಂಖ್ಯೆಯನ್ನು ಮುದ್ರಿಸುತ್ತಾರೆ. ಬೇರೆ ಬೇರೆ ಕಂತುಗಳನ್ನು ಒಂದು ಸ್ಪರ್ಧೆಯಲ್ಲಿ ಬೆರೆಸಬಾರದು. ಕುದುರೆ ಎಳೆದರೂ ತೋಟಾ ಸಿಡಿಯದಿದ್ದಲ್ಲಿ ನಳಿಕೆಯನ್ನು ಗುರಿಪಟದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಕೆಲವು ತೋಟಾಗಳು ತಡವಾಗಿ ಸಿಡಿಯುವುದುಂಟು.

ಸೀಸವು ವಿಷ. ಅಭ್ಯಾಸದ ನಂತರ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು; ಪೆಲೆಟ್‌ಗಳನ್ನು ಬಾಯಲ್ಲಿ ಹಿಡಿಯುವ ದುರಭ್ಯಾಸವನ್ನು ಎಳೆಯ ಮಕ್ಕಳಲ್ಲಿ ಕಂಡೊಡನೆಯೇ ಬಿಡಿಸಬೇಕು. ಮನೆಯಲ್ಲಿ ಪಿಸ್ತೂಲು ಒಂದು ಬೀಗದಲ್ಲಿಯೂ ಗುಂಡುಗಳು ಇನ್ನೊಂದರಲ್ಲಿಯೂ ಇರಲಿ, ಬೀಗದ ಕೈ ಹಿರಿಯರ ಬಳಿಯಿರಲಿ. ಗಾಳಿಪಿಸ್ತೂಲು ಆಟಿಕೆಯಲ್ಲ, ಅದರ ಅರ್ಧ ಗ್ರಾಂ ಸೀಸವು ತಮ್ಮನ ಅಥವಾ ನೆರೆಯ ಮಗುವಿನ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ದ್ರಾಕ್ಷಿ ತೋಟದ ಗಿಳಿಗಳನ್ನು ಕವಣೆಯಿಂದ ಓಡಿಸುವ ಹುಡುಗರು ಪಿಸ್ತೂಲನ್ನೂ ಅದಕ್ಕೆ ಬಳಸಲು ಹಂಬಲಿಸಬಹುದು. ಪ್ರಾಣಿಯ ಮೇಲೆ ಒಮ್ಮೆ ಗುರಿಯಿಟ್ಟ ಮಗುವಿನ ಕೈಗೆ ಪಿಸ್ತೂಲನ್ನು ಮತ್ತೆ ಕೊಡಲಾಗದು. ವನ್ಯಜೀವಿಗಳನ್ನು ಕೊಲ್ಲುವುದು 1972ರ ಕಾಯಿದೆಯಂತೆ ಅಪರಾಧವೂ ಹೌದು.

ಸಲಕರಣೆಯನ್ನು ಮೀರಿದ ಛಲಕ್ಕೆ ಎರಡು ಉದಾಹರಣೆಗಳನ್ನು ಹೇಳಬಹುದು. ಹಂಗೇರಿಯ ಕಾರೊಲಿ ಟಾಕಾಚ್ ಎಂಬ ಸೈನಿಕನ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ನಾಶವಾಯಿತು. ಅವನು ಎಡಗೈಯಲ್ಲಿ ಹೊಸದಾಗಿ ಕಲಿತು 1948 ಮತ್ತು 1952ರ ಒಲಿಂಪಿಕ್ಸುಗಳಲ್ಲಿ ಶೀಘ್ರ ಪಿಸ್ತೂಲಿನ ಚಿನ್ನವನ್ನು ಗೆದ್ದನು. ನಮ್ಮ ಭಾಷೆಯ ನಾಡಾದ ಕರ್ನಾಟಕದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನಿನ ಗ್ರಾನಡಾದಲ್ಲಿ ಮುಖದ ಪಾರ್ಶ್ವವಾಯು ತಗುಲಿತು. ಅವರು ಚೇತರಿಸಿಕೊಂಡು 2014ರ ಗ್ಲಾಸ್ಗೋ ಕಾಮನ್ವೆಲ್ತ್ ಕ್ರೀಡೆಗಳಲ್ಲಿ ಗಾಳಿಪಿಸ್ತೂಲಿನ ಬೆಳ್ಳಿಯನ್ನು ಪಡೆದರು, 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು.

ಆದುದರಿಂದ ಪೋಷಕ ಮಹಾಶಯರು ಈ ಕ್ರಮವನ್ನು ಪಾಲಿಸಲೆಂದು ಬಿನ್ನವಿಸುತ್ತೇವೆ: ಮೊದಲು ಶಿಕ್ಷಕ ಮತ್ತು ಕ್ಲಬ್ಬು; ಬಳಿಕ ಕನ್ನಡಕ, ಕಿವಿಮುಚ್ಚುಗೆ, ಪಾದರಕ್ಷೆ; ಅನಂತರ ಒಂದೇ ಬಗೆಯ ಪೆಲೆಟ್‌ಗಳು; ಕಟ್ಟಕಡೆಗೆ ಕೈಗೆ ಹೊಂದುವ ಪಿಸ್ತೂಲು. ವಿದ್ಯಾರ್ಥಿಗಳಿಗೂ ಒಂದು ಮಾತು. ಇಂದಿನ ಗಾಳಿಪಿಸ್ತೂಲುಗಳಲ್ಲಿ ಗುಂಡನ್ನೂ ಗಾಳಿಯನ್ನೂ ವ್ಯಯಿಸದೆ ಕುದುರೆಯನ್ನು ಮಾತ್ರ ಎಳೆದು ಅಭ್ಯಸಿಸುವ ಏರ್ಪಾಡಿದೆ. ಪಿಸ್ತೂಲು ಖಾಲಿಯಿದೆಯೆಂದು ಹಿರಿಯರೊಬ್ಬರು ನೋಡಿ ಹೇಳಿದ ನಂತರ, ಬಿಳಿಯ ಗೋಡೆಯ ಎದುರಿಗೆ ನಿಂತು ದಿನವೂ ಇಪ್ಪತ್ತು ನಿಮಿಷ ಮೊಳೆಯು ಅಲುಗದಂತೆ ಕುದುರೆಯನ್ನೆಳೆಯಿರಿ. ಪಾಯಿಂಟ್ ಇಪ್ಪತ್ತೆರಡರ ಪಿಸ್ತೂಲಿನಲ್ಲಿ ಮಾತ್ರ ಹೀಗೆ ಮಾಡಬೇಡಿರಿ, ಅದರ ಸೂಜಿ ಕೆಡುತ್ತದೆ. ಈ ಅಭ್ಯಾಸಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಅಂಕಗಳಲ್ಲಿ ಹೆಚ್ಚಿನ ಪಾಲನ್ನು ತಂದುಕೊಡುವುದು ಇದೇ.