ಸ್ಪ್ಯಾನಿಷ್‌ನ ‘ತೆ’ಗೆ ಕನ್ನಡದ ‘ಕೋ’ ಜೋಡಿ

ಪದವಿ ಓದುತ್ತಲೇ ಒಂದು ವಿದೇಶಿ ಭಾಷೆ ಕಲಿತರೆ ಕೆಲಸ ಸಿಗುವುದು ಸುಲಭ ಎಂದು ಲೆಕ್ಕ ಹಾಕುವವರು ನಮ್ಮ ಮಡಿಕೇರಿ, ವಿರಾಜಪೇಟೆಯಲ್ಲೂ ಇದ್ದಾರೆ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ನಮ್ಮ ಹಾಗೆ ಕಾಫಿ ಬೆಳೆಯುವ ಕೊಲಂಬಿಯಾ, ಹೊಂಡುರಾಸ್, ಗ್ವಾಟೆಮಾಲಾದ ಜನ ಆಡುವುದೂ ಅದನ್ನೇ. ಮೊಬೈಲ್‌ನಲ್ಲಿ ಉತ್ಸಾಹದಿಂದ ಶುರುವಾಗುವ ಈ ಕಲಿಕೆಗೆ ಬೇಗನೆ ಎದುರಾಗುವ ತೊಡಕು ಒಂದಿದೆ: ಯಾರಿಗಾದರೂ ‘ಹೀಗೆ ಮಾಡು’ ಎಂದು ಹೇಳುವಾಗ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುವ ‘ತೆ’.

‘ಲಾವಾ ಎಲ್ ಪ್ಲಾತೊ’ ಅಂದರೆ ತಟ್ಟೆ ತೊಳೆ. ‘ಲಾವತೆ ಲಾಸ್ ಮಾನೋಸ್’ ಅಂದರೆ ಕೈ ತೊಳೆದುಕೋ. ಎರಡಕ್ಕೂ ಇಂಗ್ಲಿಷ್‌ನಲ್ಲಿ ‘ವಾಶ್’ ಒಂದೇ. ಹಾಗಾಗಿ ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ ‘ತೆ’ ಎಲ್ಲಿಂದ ಬಂತೆಂದು ಅರ್ಥವಾಗುವುದಿಲ್ಲ. ಕನ್ನಡಿಗರಿಗೆ ಆ ಗೊಂದಲ ಬೇಕಿಲ್ಲ. ‘ತೊಳೆ’ಗೂ ‘ತೊಳೆದುಕೋ’ಗೂ ಇರುವ ವ್ಯತ್ಯಾಸ ಮಗುವಾಗಿದ್ದಾಗಲೇ ನಮ್ಮ ನಾಲಿಗೆಗೆ ಬಂದಿದೆ. ‘ಸಿಯೆಂತತೆ’ ಅಂದರೆ ಕೂತುಕೋ, ‘ಕಾಯತೆ’ ಅಂದರೆ ಬಾಯಿ ಮುಚ್ಚಿಕೋ. ಇನ್ನೊಂದು ಹೋಲಿಕೆ ಗಮನಿಸಿ: ‘ಲಾಸ್ ಮಾನೋಸ್’ನಲ್ಲಿ ‘ನಿನ್ನ’ ಎಂಬ ಪದವಿಲ್ಲ. ನಾವೂ ‘ನಿನ್ನ ಕೈ ತೊಳೆದುಕೋ’ ಎನ್ನುವುದಿಲ್ಲವಲ್ಲ!

ಉಚ್ಚಾರಣೆಯಲ್ಲೂ ನಮಗೆ ಅನುಕೂಲವಿದೆ. ಸ್ಪ್ಯಾನಿಷ್‌ನ ‘ತ’ ನಮ್ಮ ‘ತ’ದಂತೆಯೇ, ಇಂಗ್ಲಿಷ್‌ನ ‘ಟ’ದಂತಲ್ಲ. ‘ತೆ’ ಸೇರಿದರೂ ಒತ್ತು ಮೊದಲಿನ ಜಾಗದಲ್ಲೇ ಉಳಿಯುತ್ತದೆ. ‘ಲಾವತೆ’ಯಲ್ಲಿ ಒತ್ತು ‘ಲಾ’ ಮೇಲೆ. ಬರೆಯುವಾಗ ಅದನ್ನು ತೋರಿಸಲು ಆ ಅಕ್ಷರದ ಮೇಲೆ ಓರೆಗೆರೆ ಹಾಕಲೇಬೇಕು.

ಕೆಲಸ ಹುಡುಕುವವರು ಹೆಚ್ಚು ಗಮನ ಕೊಡಬೇಕಾದದ್ದು ಮರ್ಯಾದೆಯ ರೂಪಕ್ಕೆ. ಗ್ರಾಹಕರಿಗೆ, ಹೋಂಸ್ಟೇಗೆ ಬಂದ ಹಿರಿಯ ಅತಿಥಿಗೆ ‘ಸಿಯೆಂತತೆ’ ಎಂದರೆ ಏಕವಚನವಾಯಿತು. ‘ಕೂತುಕೊಳ್ಳಿ’ ಎನ್ನಲು ‘ಸಿಯೆಂತೆಸೆ’ ಎನ್ನಬೇಕು. ‘ತೆ’ ಹೋಗಿ ‘ಸೆ’ ಬಂತು, ಅದರ ಹಿಂದಿನ ಸ್ವರವೂ ಬದಲಾಯಿತು. ಹಾಗೆಯೇ ‘ಲಾವತೆ’ ಹೋಗಿ ‘ಲಾವೆಸೆ’. ಇಂಗ್ಲಿಷ್‌ನಲ್ಲಿ ಈ ಭೇದವಿಲ್ಲ. ನೀನು, ನೀವು ಎಂದು ಅಳೆದು ಮಾತಾಡುವ ನಮಗೆ ಇದು ಹೊಸದಲ್ಲ.

ಆದರೆ ‘ಬೇಡ’ ಎನ್ನುವಾಗ ದಾರಿ ಬೇರೆಯಾಗುತ್ತದೆ. ‘ಕೂತುಕೋಬೇಡ’ದಲ್ಲಿ ನಮ್ಮ ‘ಕೋ’ ಇದ್ದಲ್ಲೇ ಇರುತ್ತದೆ. ಸ್ಪ್ಯಾನಿಷ್‌ನಲ್ಲಿ ‘ತೆ’ ಬಾಲ ಬಿಟ್ಟು ಕ್ರಿಯಾಪದದ ಮುಂದಕ್ಕೆ ಬರುತ್ತದೆ: ‘ನೋ ತೆ ಸಿಯೆಂತೆಸ್’. ಮರ್ಯಾದೆಯಿಂದ ಹೇಳುವುದಾದರೆ ‘ನೋ ಸೆ ಸಿಯೆಂತೆ’. ಎಲ್ಲ ಪದಗಳೂ ಜೋಡಿಯಾಗುವುದಿಲ್ಲ ಎಂಬುದೂ ನೆನಪಿರಲಿ. ‘ಏಳು’ ಎನ್ನಲು ನಮಗೆ ‘ಕೋ’ ಬೇಡ, ಅವರಿಗೆ ‘ಲೆವಾಂತತೆ’ ಬೇಕು. ‘ಕೇಳಿಸಿಕೋ’ಗೆ ಅವರಿಗೆ ಬರೀ ‘ಎಸ್ಕೂಚಾ’ ಸಾಕು.

ಹೀಗೆ ಮಾಡಿ ನೋಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಎಳೆಯಿರಿ: ಕೂತುಕೋ, ಕೂತುಕೊಳ್ಳಿ, ಕೂತುಕೋಬೇಡ, ಕೂತುಕೊಳ್ಳಬೇಡಿ. ಎದುರಿಗೆ ಸ್ಪ್ಯಾನಿಷ್ ರೂಪ ಬರೆಯಿರಿ. ದಿನಕ್ಕೆ ಎರಡೇ ಕ್ರಿಯಾಪದ ಸಾಕು. ಮುಖ ತೊಳೆಯುವಾಗ, ತಲೆ ಬಾಚುವಾಗ ಜೋರಾಗಿ ಹೇಳಿಕೊಳ್ಳಿ. ಮುಂದೆ ಪ್ರಮಾಣಪತ್ರ ಬೇಕೆಂದರೆ ಸ್ಪೇನ್‌ನ ಸೆರ್ವಾಂತೆಸ್ ಸಂಸ್ಥೆಯ ‘ದೆಲೆ’ ಪರೀಕ್ಷೆ ಇದೆ. ಎ1ರಿಂದ ಸಿ2ವರೆಗೆ 6 ಹಂತಗಳು. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ವಿದೇಶಿ ಭಾಷೆಗೆ ಹಿಂಜರಿಯುವುದುಂಟು. ಮೊದಲು ಇಂಗ್ಲಿಷ್ ಗಟ್ಟಿಯಾಗಲಿ, ಆಮೇಲೆ ನೋಡೋಣ ಎಂದು ಕಾಯುತ್ತಾರೆ. ಕಾಯಬೇಕಿಲ್ಲ. ಈ ಪಾಠಕ್ಕೆ ಇಂಗ್ಲಿಷ್‌ಗಿಂತ ಕನ್ನಡವೇ ಹತ್ತಿರದ ದಾರಿ.